ಹನ್ನೊಂದು ತಟ್ಟೆ ಹೆಚ್ಚಿಗೆ

ಬಣ್ಣ ಇನ್ನೂ ಹಸಿ ಐತೆ, ಬೆರಳಿಗೆ ಅಂಟಿತು, ಸುಂಕಲಮ್ಮ ಸೆರಗಿಗೆ ಒರೆಸಿಕೊಂಡಳು, ಅಯ್ಯೋ ಹೊಸ ಸೀರೆ, ಇರಲಿ ಬಿಡು, ಇವತ್ತು ಉಡದೆ ಇನ್ಯಾವತ್ತು ಉಡೋದು — ಮೊಣಕಾಲೆತ್ತರದ ಬಿಳಿ ಸಿಮೆಂಟ್ ಕಲ್ಲುಗಳು ಕಾಲೋನಿ ತಿರುವಿನಿಂದ ಹೈಸ್ಕೂಲ್ ಗೇಟಿನ ತನಕ ಸಾಲಾಗಿ ಕೂತವೆ, ಆಚೆ ಬಸ್ಸು ಲಾರಿ, ಈಚೆ ಬರೀ ಸೈಕಲ್ಲು, ಚನ್ನಗಿರಿಯಲ್ಲಿ ಇಂಥದ್ದನ್ನ ಯಾರು ಕಂಡಿದ್ದರು, ಒಂದೇ ತಿಂಗಳು ನೋಡಮ್ಮ, ಜನ ಬಳಸಿದ್ರೆ ಇರ್ತದೆ, ಇಲ್ಲಾಂದ್ರೆ ಕಿತ್ತು ಹಾಕ್ತೀವಿ ಅಂದಿದ್ದಾರೆ ಇಂಜಿನಿಯರ್, ಬಳಸ್ತಾರೆ ಸ್ವಾಮಿ ಅಂತ ಎದೆ ತಟ್ಟಿ ಹೇಳಿ ಬಂದಿದ್ದಾಳೆ, ಈಗ ಎಂಟೂವರೆ, ಒಂದು ಸೈಕಲ್ಲೂ ಇಲ್ಲ, ಬಿಸಿಯೂಟದ ಕೋಣೆಯಿಂದ ಜೊತೆಗಾತಿ ಚೌಡಮ್ಮ ಕೂಗುತ್ತಾಳೆ, ಅಕ್ಕಾ ಅಕ್ಕಿ ಎಷ್ಟು ಹಾಕ್ಲಿ, ದಿನಾ ಹಾಕೋದರ ಮೇಲೆ ಹನ್ನೊಂದು ತಟ್ಟೆ ಹೆಚ್ಚಿಗೆ ಹಾಕು, ಬರದಿದ್ರೆ, ಬರ್ತಾರೆ, ಹಾಕೇ ಸುಮ್ನೆ.

ಹನ್ನೊಂದು, ಆ ಲೆಕ್ಕ ಅವಳ ಸೌಟಿಗೇ ಗೊತ್ತು, ಹೋದ ಮಳೆಗಾಲದಲ್ಲಿ ಒಂಬತ್ತನೇ ಕ್ಲಾಸಿನ ಮಮತಾಳ ಹ್ಯಾಂಡಲ್ಲು ಸವರಿಕೊಂಡು ಜಲ್ಲಿ ಲಾರಿ ಹೋಯಿತು, ಹಿಂದೆ ಹಿಂದೆಯೇ ಸೈಕಲ್ಲು ತುಳಿದು ಬರುತ್ತಿದ್ದ ಸುಂಕಲಮ್ಮನೇ ಓಡಿ ಎತ್ತಿಕೊಂಡಳು, ಪಾದ ಸೊಟ್ಟಗಾಗಿ ತಿರುಗಿತ್ತು, ಆ ಕೂಸು ಅಳಲಿಲ್ಲ, ಆಂಟಿ ನನ್ ಬ್ಯಾಗ್ ಎಲ್ಲಿ ಅಂತ ಕೇಳಿತು, ಅಷ್ಟೇ, ಒಂದೊಂದೇ ಮನೆಯಲ್ಲಿ ಹೆಣ್ಣುಮಕ್ಕಳ ಸೈಕಲ್ಲು ಗೋಡೆಗೆ ಒರಗಿದವು, ಹುಡುಗರಿಗೆ ಯಾರೂ ಏನೂ ಅನ್ನಲಿಲ್ಲ, ಮಮತಾಳೂ ಸೇರಿ ಹನ್ನೊಂದು ಜನ ಬರೋದು ನಿಂತಿತು, ಡಬರಿಯ ತಳದಲ್ಲಿ ಅನ್ನ ಉಳಿಯಾಕೆ ಶುರುವಾಯ್ತು — ಸಂಘಮಿತ್ರಾ ಟೀಚರ್ ಟೇಪಿನ ಒಂದು ತುದಿ, ತಾನು ಇನ್ನೊಂದು ತುದಿ, ಸೈಕಲ್ಲಿಗೇ ಬೇರೆ ದಾರಿ ಬಿಡಾಕೆ ಆಗ್ತದಾ ಅಂತ ರಸ್ತೆಯುದ್ದಕ್ಕೂ ಅಳೆದದ್ದು, ಜಾಗ ಐತೆ ಸುಂಕಲಮ್ಮ, ಧಾರಾಳ ಐತೆ, ಅಂಗಡಿಯೋರ ಪೈಪಿನ ರಾಶಿ ಕೆಳಗೆ ಐತೆ ಅಂತ ಟೀಚರ್ ನಕ್ಕದ್ದು, ಮನೆಮನೆ ತಿರುಗಿ ಸಹಿ ಹಾಕಿಸಿದ್ದು, ಕೊನೆಗೆ ಪುರಸಭೆಯ ಮೀಟಿಂಗು, ಹಾರ್ಡ್‌ವೇರ್ ಅಂಗಡಿ ಜಯದೇವಪ್ಪ ಮೇಜು ಗುದ್ದಿ, ನಮ್ ಗಿರಾಕಿಗಳು ಗಾಡಿ ಎಲ್ಲಿ ನಿಲ್ಸಬೇಕು ತಲೆ ಮೇಲಾ ಅಂದಾಗ ಎಲ್ಲರೂ ನಕ್ಕರು, ಸುಂಕಲಮ್ಮ ಉಳಿದ ಅನ್ನದ ಡಬರಿಯನ್ನು ಆ ಮೇಜಿನ ಮೇಲೇ ಇಟ್ಟು ಮುಚ್ಚಳ ತೆಗೆದಳು, ಇದು ಹನ್ನೊಂದು ಹುಡುಗೀರ ಅನ್ನ ರೀ, ತಿನ್ನೋರು ಆ ರಸ್ತೆಗೆ ಹೆದರಿ ಮನೇಲಿ ಕೂತವ್ರೆ, ನೀವೇ ಉಣ್ಣಿ ಹಂಗಾದ್ರೆ — ಎಲ್ಲಿಂದ ಬಂತೋ ಆ ಧೈರ್ಯ, ನಗು ಅಲ್ಲೇ ನಿಂತಿತು, ಒಂದು ತಿಂಗಳ ಮಟ್ಟಿಗೆ ಅಂತ ಒಪ್ಪಿದ್ರು.

ಅಗೋ, ಅಗೋ ಬಂದ್ರು, ತಿರುವಿನಲ್ಲಿ ನೀಲಿ ಲಂಗಗಳು, ಅಯ್ಯಯ್ಯೋ ಜಯದೇವಪ್ಪನ ಟೆಂಪೋ, ಕಲ್ಲಿನ ಸಾಲು ತಪ್ಪಿಸಿ ದಾರಿಯೊಳಗೇ ನುಗ್ಗಿ ನಿಂತು ಪೈಪ್ ಇಳಿಸ್ತಾ ಐತೆ, ಸುಂಕಲಮ್ಮ ಓಡಿದಳು, ಚಪ್ಪಲಿ ಒಂದು ಕಳಚಿಕೊಂಡಿತು, ಸಾವ್ಕಾರ್ರೇ ತೆಗಸ್ರಿ, ಎರಡು ನಿಮಿಷ ಇರಮ್ಮ, ಎರಡು ನಿಮಿಷಕ್ಕೆ ಆ ಹುಡುಗೀರು ಲಾರಿ ಮುಂದೆ ಇಳೀಬೇಕು ರೀ, ನೋಡ್ರಿ ಆ ಕಡೆ — ಜಯದೇವಪ್ಪ ನೋಡಿದ, ನೋಡುತ್ತಲೇ ನಿಂತ, ಆಮೇಲೆ ಡ್ರೈವರಿಗೆ, ಹಿಂದಕ್ಕೆ ತಗಳೋ ಗಾಡೀನ, ಹಿತ್ಲ ಕಡೆ ಇಳಿಸಿದ್ರಾಯ್ತು, ಅಂದ, ಅವಳ ಮುಖ ಮಾತ್ರ ನೋಡಲಿಲ್ಲ, ಬೇಡ ಬಿಡು.

ಒಂದು, ಎರಡು, ನಾಲ್ಕು, ಆರು ಸೈಕಲ್ಲು, ಕೊನೆಯದರ ಕ್ಯಾರಿಯರ್ ಮೇಲೆ ಮಮತಾ, ನಾಳೆ ನಾನೇ ತುಳೀತೀನಿ ಆಂಟೀ ಅಂತ ಕೂಗಿಕೊಂಡೇ ಹೋದಳು, ಏಳೇ ಜನ, ಇನ್ನೂ ನಾಲ್ಕು ತಟ್ಟೆ ಉಳೀತವೆ, ಉಳೀಲಿ, ನಾಳೆ ಬರ್ತಾರೆ, ಇವತ್ತು ಸಂಜೆಯೇ ಆ ನಾಲ್ಕು ಮನೆಗೆ ಹೋಗಬೇಕು, ಏನಂತ ಹೇಳೋದು, ಏನೋ ಒಂದು ಬೇರೆ ಥರ ಐತಲ್ಲ ಇವತ್ತು ಈ ಹುಡುಗೀರಲ್ಲಿ, ಏನದು — ಹಾರನ್ನು ಹೊಡೆಯುತ್ತಾ ಜಲ್ಲಿ ಲಾರಿಯೊಂದು ಕಲ್ಲಿನಾಚೆ ಹಾದುಹೋಯಿತು, ಮೊದಲಾಗಿದ್ದರೆ ಆರು ಕುತ್ತಿಗೆಯೂ ಸರಕ್ಕನೆ ಹಿಂದಕ್ಕೆ ತಿರುಗಿ, ಹ್ಯಾಂಡಲ್ಲು ನಡುಗಿ, ಮಣ್ಣಿಗೆ ಇಳಿದು, ಈಗ ಇಬ್ಬರು ಅಕ್ಕಪಕ್ಕ ತುಳಿಯುತ್ತಾ ಏನೋ ಹೇಳಿಕೊಂಡು ನಗುತ್ತಿದ್ದಾರೆ, ನೆಟ್ಟಗಿನ ಕುತ್ತಿಗೆ, ಜಡೆಗಳು, ರಿಬ್ಬನ್ನು, ಮತ್ತೊಂದು ಬಸ್ಸು, ಮತ್ತೂ ನೆಟ್ಟಗೇ, ಒಬ್ಬಳೂ ಹಿಂದೆ ತಿರುಗಿ ನೋಡುತ್ತಿಲ್ಲ, ಒಬ್ಬಳೂ