ಮಂಗಳವಾರದ ಮಗ್ಗುಲು

“ತಲೆ ಕಡೆ ಎತ್ತಿ, ಇನ್ನೂ ಸ್ವಲ್ಪ! ಗೋಡೆಗೆ ತಾಗಿಸಬೇಡಿ!”

ಮೆಟ್ಟಿಲ ತಿರುವಿನಲ್ಲಿ ನಾಲ್ವರೂ ಸಿಕ್ಕಿಕೊಂಡಿದ್ದರು. ತಲೆಯ ಕಡೆ ಹಿಡಿದಿದ್ದ ಅಳಿಯನಿಗೆ ಮುಂದೆ ಹೋಗಲೂ ಆಗದು, ಹಿಂದೆ ಸರಿಯಲೂ ಆಗದು. ಗೋಡೆ ಕೆರೆದುಹೋದರೆ ಮಾವ ಎದ್ದು ಕೂತು ಬೈದಾರು ಎಂಬ ಅಂಜಿಕೆ ಬೇರೆ. ಆ ಗೋಡೆಗೆ ಬಣ್ಣ ಹೊಡೆದದ್ದು ಅವರೇ. ಬದುಕೆಲ್ಲ ಬಸ್ಸು ಲಾರಿಗಳಿಗೆ ಬಣ್ಣ ಹೊಡೆದ ಕೈ ಅದು. ಶೆಡ್ಡಿನ ಕೆಲಸವನ್ನೂ ಕಲಿಸಿ, ಮಗಳನ್ನೂ ಕೊಟ್ಟು, ಅಳಿಯನನ್ನು ಮನುಷ್ಯನನ್ನಾಗಿ ಮಾಡಿದ ಕೈಯೂ ಹೌದು. ನಿನ್ನೆ ಮಧ್ಯಾಹ್ನ ಊಟ ಮುಗಿಸಿ, ಕುರ್ಚಿಗೆ ಒರಗಿ, “ಹತ್ತು ನಿಮಿಷ ಕಣ್ಣು ಮುಚ್ತೀನಿ” ಎಂದವರು ಮತ್ತೆ ಕಣ್ಣು ತೆರೆಯಲಿಲ್ಲ. ಹೃದಯ ನಿಂತುಹೋಗಿತ್ತು. ಎಂಬತ್ತರ ಹತ್ತಿರ ಇಂಥ ಸಾವು ಸಿಗಲು ಪುಣ್ಯ ಬೇಕು ಎಂದು ಬಂದವರೆಲ್ಲ ಹೇಳಿದರು.

ಅಳಿಯನಿಗೆ ಮಾತ್ರ ಮಾವನ ಮೇಲೆ ಸಿಟ್ಟು ಬಂದಿತ್ತು. ಕೆಲವು ವಾರಗಳಿಂದ ಅವನ ಮೂತ್ರದಲ್ಲಿ ಕೆಂಪು ಬರುತ್ತಿತ್ತು. ನೋವಿಲ್ಲ, ಉರಿಯಿಲ್ಲ, ಬರೀ ಕೆಂಪು. ಹೆಂಡತಿಗೆ ಹೇಳಿರಲಿಲ್ಲ. ಹೇಳುವುದಾದರೆ ಮಾವನಿಗೆ ಹೇಳಬೇಕು, ಇವತ್ತು ಬೇಡ ನಾಳೆ, ಎಂದು ದಿನ ದೂಡಿದ್ದ. ಹನ್ನೆರಡು ವರ್ಷದ ಹಿಂದೆ ಮಾವನಿಗೆ ಮೂತ್ರಕೋಶದ ಕ್ಯಾನ್ಸರ್ ಆಗಿ ಗುಣವಾಗಿತ್ತು. ಅದರ ಬಗ್ಗೆ ಯಾರಾದರೂ ಕೇಳಿದರೆ “ಗಾಡಿ ಸರ್ವಿಸಿಗೆ ಬಿಟ್ಟಿದ್ದೆ, ಈಗ ಓಡ್ತಿದೆಯಲ್ಲ” ಎಂದು ನಕ್ಕು ಮಾತು ತೇಲಿಸುತ್ತಿದ್ದರು. ಹೇಳಿಕೊಳ್ಳಬಹುದಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಈಗ ಅವನ ಹೆಗಲ ಮೇಲೆ ಮಲಗಿದ್ದ.

ಅಂತೂ ಗೋಡೆಗೆ ತಾಗಲಿಲ್ಲ.

*

ಚಿತಾಗಾರದಲ್ಲಿ ಸರದಿಗೆ ಕಾಯಬೇಕಿತ್ತು. ಹೊರಗಿನ ಬೆಂಚಿನಲ್ಲಿ ಅಳಿಯ ಒಬ್ಬನೇ ಕೂತಿದ್ದಾಗ ಗುರುತಿಲ್ಲದ ಇಬ್ಬರು ಹತ್ತಿರ ಬಂದರು. ಒಬ್ಬರು ಉದ್ದನೆಯ ಮುದುಕರು. ಇನ್ನೊಬ್ಬರು ನಡುವಯಸ್ಸಿನ ನರ್ಸಮ್ಮ, ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದರು.

“ನೀವು ಅಳಿಯಂದಿರಲ್ವಾ?” ಎಂದರು ಮುದುಕರು. “ನಾನು ಲೆಕ್ಕದ ಮೇಷ್ಟ್ರಾಗಿದ್ದೆ. ನಾನೂ ನಿಮ್ಮ ಮಾವನೂ ಮಂಗಳವಾರದ ಜೊತೆಗಾರರು. ಇವರು ನಮ್ಮ ವಾರ್ಡಿನ ಸಿಸ್ಟರ್.”

“ಮಂಗಳವಾರ ಇಸ್ಪೀಟಿಗೆ ಹೋಗ್ತಾರೆ ಅಂದ್ಕೊಂಡಿದ್ವಿ,” ಎಂದ ಅಳಿಯ. ಶೆಡ್ಡಿನಲ್ಲಿ ಎಷ್ಟೇ ಕೆಲಸವಿರಲಿ, ಮಂಗಳವಾರ ಬೆಳಿಗ್ಗೆ ಮಾವ ಮಾಯ. ಅದಕ್ಕೆ ಅವನು ಗೊಣಗಿದ್ದೂ ಉಂಟು.

ಸಿಸ್ಟರ್ ಕಿಸಕ್ಕನೆ ನಕ್ಕು, ಎಲ್ಲಿದ್ದೇವೆಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡರು. “ಇಸ್ಪೀಟಾ! ನಮ್ಮ ವಾರ್ಡಲ್ಲಿ ದರ್ಬಾರು ನಡೆಸ್ತಿದ್ರು. ಡಾಕ್ಟರಿಗಿಂತ ಅವರ ಮಾತೇ ಜಾಸ್ತಿ ನಡೀತಿತ್ತು.”

ಮೇಷ್ಟ್ರು ಬೆಂಚಿನ ತುದಿಗೆ ಕೂತು ಹೇಳತೊಡಗಿದರು.

*

ಹನ್ನೆರಡು ವರ್ಷದ ಹಿಂದಿನ ಆ ಮೊದಲ ಮಂಗಳವಾರ ಮೇಷ್ಟ್ರು ವಾರ್ಡಿನ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರ ಮೂತ್ರಕೋಶದ ಗಡ್ಡೆಯನ್ನು ಮೂತ್ರದ ದಾರಿಯಿಂದಲೇ ಒಳಹೋಗಿ ಕೆರೆದು ತೆಗೆದಾಗಿತ್ತು. ಅದು ಮತ್ತೆ ಚಿಗುರದಿರಲೆಂದು ವಾರಕ್ಕೊಮ್ಮೆಯಂತೆ ಆರು ವಾರ, ತೆಳು ನಳಿಕೆಯಲ್ಲಿ ಮೂತ್ರಕೋಶಕ್ಕೆ ಔಷಧಿ ಬಿಡಬೇಕಿತ್ತು. ಔಷಧಿಯೆಂದರೆ ಬಲ ಕುಂದಿಸಿದ ಕ್ಷಯದ ರೋಗಾಣು. ಅದನ್ನು ಕೇಳಿಯೇ ಮೇಷ್ಟ್ರ ಜೀವ ಬಾಯಿಗೆ ಬಂದಿತ್ತು. ಇರುವ ರೋಗ ಸಾಲದೆಂದು ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳುವುದೇ?

“ಮೇಷ್ಟ್ರೇ, ಅದು ಹಲ್ಲು ಕಿತ್ತ ಹಾವು,” ಎಂದಿತು ಪಕ್ಕದ ಮಂಚ. “ಮನೆಯೊಳಗೆ ಹಾವು ಬಂತು ಅಂದ್ರೆ ಏನಾಗುತ್ತೆ? ಮಲಗಿದ್ದೋರೆಲ್ಲ ದೊಣ್ಣೆ ಹಿಡ್ಕೊಂಡು ಏಳ್ತಾರೆ. ಆ ಗಲಾಟೇಲಿ ಅಟ್ಟದ ಮೇಲೆ ಅಡಗಿದ್ದ ಕಳ್ಳನೂ ಸಿಕ್ಕಿಬೀಳ್ತಾನೆ. ಡಾಕ್ಟ್ರು ಹೇಳಿದ್ದು ಇಷ್ಟೇ, ನೀವು ಇಂಗ್ಲಿಷಲ್ಲಿ ಕೇಳಿಸ್ಕೊಂಡು ಹೆದರಿದ್ದೀರಿ.”

ಔಷಧಿ ಬಿಟ್ಟ ಮೇಲೆ ಎರಡು ಗಂಟೆ ಹಿಡಿದುಕೊಂಡಿರಬೇಕು. ಆ ವಾರ್ಡಿನ ಪದ್ಧತಿಯಂತೆ ಕಾಲು ಗಂಟೆಗೊಮ್ಮೆ ಮಗ್ಗುಲನ್ನೂ ಬದಲಿಸಬೇಕು, ಅಂಗಾತ, ಎಡಕ್ಕೆ, ಬೋರಲು, ಬಲಕ್ಕೆ, ಒಳಗಿನ ಗೋಡೆಗೆಲ್ಲ ಔಷಧಿ ತಾಗಲಿ ಎಂದು. ಉಳಿದವರಿಗೆ ಅದು ಶಿಕ್ಷೆ. ಪಕ್ಕದ ಮಂಚದ ಬಣ್ಣದವರಿಗೆ, ಅಂದರೆ ಅಳಿಯನ ಮಾವನಿಗೆ, ಹುರುಪು.

“ಇದು ನನ್ನ ಕಸುಬು ಕಣ್ರಪ್ಪಾ! ಕೋಟು ಎಲ್ಲಾ ಕಡೆ ಹಿಡೀಬೇಕು. ಮೂಲೆ ಬಿಟ್ರೆ ತುಕ್ಕು ಅಲ್ಲಿಂದಲೇ ಶುರು. ಎಲ್ಲರೂ ಎಡಕ್ಕೆ!”

ಸಾಲು ಮಂಚಗಳ ಮೇಲೆ ಮಲಗಿದ್ದ ಗಂಡಸರೆಲ್ಲ, ಯಾಕೆ ಏನು ಎನ್ನದೆ, ಎಡಕ್ಕೆ ಹೊರಳಿದರು. ಹೊರಳುವಾಗ ಒಬ್ಬನ ಮಂಚ ಕಿರುಗುಟ್ಟಿತು. “ಇದಕ್ಕೆ ಗ್ರೀಸು ಹಾಕಿಲ್ವಾ ಸಿಸ್ಟರ್?” ಎಂದರು ಬಣ್ಣದವರು. ನಗು ವಾರ್ಡಿನ ತುಂಬ ಹರಡಿತು. ಮೂಲೆಯಿಂದ ಯಾರೋ ಗೋಗರೆದರು: “ನಗಿಸಬೇಡಯ್ಯಾ, ನಿನ್ನ ದಮ್ಮಯ್ಯ! ಹೋಗಿಬಿಡುತ್ತೆ!”

ಎಲ್ಲವೂ ನಗುವೇ ಆಗಿರಲಿಲ್ಲ. ನಾಲ್ಕನೆಯ ವಾರ ಬಣ್ಣದವರಿಗೆ ಜ್ವರ ಹತ್ತಿ, ಅವತ್ತು ಔಷಧಿ ಬೇಡವೆಂದು ವಾಪಸು ಕಳಿಸಿದರು. ಕಾರಿಡಾರಿನ ಕೊನೆಯಲ್ಲಿ ಅವರು ಅಳುತ್ತಿದ್ದುದನ್ನು ಸಿಸ್ಟರ್ ಕಂಡಿದ್ದರು. “ಸಾಕಾಯ್ತು ತಾಯೀ,” ಎಂದಿದ್ದರಂತೆ. ಮುಂದಿನ ಮಂಗಳವಾರ ಎಲ್ಲರಿಗಿಂತ ಮೊದಲು ಬಂದು ಅಂಗಾತ ಮಲಗಿದ್ದರು.

*

“ಅವರ ಕೋರ್ಸೆಲ್ಲ ಮುಗಿದು ವರ್ಷಗಳಾದ್ರೂ ಮಂಗಳವಾರ ಬರೋದು ಬಿಡಲಿಲ್ಲ,” ಎಂದರು ಸಿಸ್ಟರ್. “ಹೊಸಬರು ಹೆದರ್ಕೊಂಡು ಮಲಗಿರ್ತಾರಲ್ಲ, ಅವರಿಗೆ ಮಗ್ಗುಲು ಕೂಗೋಕೆ. ಎಲ್ಲರಿಗೂ ಒಂದೇ ಕತೆ ಹೇಳೋರು. ‘ನನ್ನಷ್ಟು ದಡ್ಡ ಯಾರೂ ಇಲ್ಲ. ಮೊದಲ ಸಲ ಕೆಂಪು ಬಂದಾಗ ಕೆಂಪು ಬಸ್ಸಿಗೆ ಬಣ್ಣ ಹೊಡೀತಿದ್ದೆ. ಅದೇ ಇಳಿದು ಬರ್ತಿದೆ ಅಂದ್ಕೊಂಡೆ. ನೀಲಿ ಗಾಡಿ ಬಂದ್ಮೇಲೂ ಕೆಂಪೇ ಬಂತು ನೋಡಿ, ಆಗ ಎದೆ ಧಸಕ್ ಅಂತು.’”

ಅಳಿಯ ತನ್ನ ಕೈ ನೋಡಿಕೊಂಡ; ಉಗುರಿನ ಸಂದಿಯಲ್ಲಿ ಹಸಿರು ಬಣ್ಣವಿತ್ತು. ಶೆಡ್ಡಿನಲ್ಲಿ ಸೀನಿದರೆ ಮೂಗಿನಿಂದ ಆ ವಾರದ ಗಾಡಿಯ ಬಣ್ಣವೇ ಬರುತ್ತಿತ್ತು, ಉಗುಳಿದರೂ ಅದೇ. ಹಾಗಾಗಿ ಅವನೂ ಅದನ್ನೇ ನಂಬಿದ್ದ, ಅದೂ ನಂಬುವ ಹಟದಿಂದ. ಕೆಂಪು ಬಸ್ಸುಗಳು ಹೋಗಿ ಶೆಡ್ಡಿಗೆ ಹಸಿರು ಲಾರಿ ಬಂದಿತ್ತು. ಮಾವ ಮಾಡಿದ ತಪ್ಪನ್ನು ಅಳಿಯನೂ ಚಾಚೂ ತಪ್ಪದೆ ಕಲಿತಿದ್ದ.

“ಆ ನಳಿಕೆ... ತುಂಬಾ ನೋಯುತ್ತಾ ಮೇಷ್ಟ್ರೇ?”

ಮೇಷ್ಟ್ರು ಅವನ ಮುಖವನ್ನು ದಿಟ್ಟಿಸಿದರು. “ಸುಳ್ಳು ಹೇಳಲ್ಲಪ್ಪ. ಹಾಕುವಾಗ ಚುರ್ ಅನ್ನುತ್ತೆ, ಆಮೇಲೆ ಒಂದೆರಡು ದಿನ ಉರಿ. ಅದಕ್ಕಿಂತ ನಾಚಿಕೆ ಜಾಸ್ತಿ ನೋಯೋದು. ನಮ್ಮ ಸಾಲಲ್ಲಿ ಎಲ್ಲರೂ ಉಳೀಲಿಲ್ಲ. ಬೇಗ ಬಂದೋರಿಗೆ ಗಡ್ಡೆ ಒಳಗೋಡೆ ಮೇಲಷ್ಟೇ ಇತ್ತು, ಕೆರೆದು ಕೋಟು ಕೊಟ್ರು. ತಡ ಮಾಡಿದೋರಿಗೆ ಗೋಡೆಯೊಳಗೇ ಇಳಿದಿತ್ತು.” ಆಮೇಲೆ ದನಿ ತಗ್ಗಿಸಿ, “ಕೆಲವರಿಗೆ ಪರೀಕ್ಷೆ ಮಾಡಿದ್ರೆ ಏನೂ ಇರಲ್ಲ, ಬರೀ ಕಲ್ಲು. ನೋಡಿದ್ರೆ ತಾನೇ ಗೊತ್ತಾಗೋದು?” ಎಂದರು.

ಅಳಿಯ ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹೆಂಡತಿ ಅಪ್ಪನ ಹಣೆ ಸವರುತ್ತ ಬಿಕ್ಕುತ್ತಿದ್ದಳು. ಇವಳಿಗೆ ಇವತ್ತೇ ಹೇಳುವುದೇ? ಗಾಯದ ಮೇಲೆ ಬರೆ ಎಳೆದಂತೆ. ತೆರೆದ ಬಾಯಿ ಮುಚ್ಚಿದ.

*

ಮನೆಗೆ ಬಂದಾಗ ಸಂಜೆಯಾಗಿತ್ತು. ಜೊತೆಗೆ ಬಂದಿದ್ದ ಮೇಷ್ಟ್ರು ಅತ್ತೆಗೂ ಮಗಳಿಗೂ ಮಂಗಳವಾರದ ವಾರ್ಡಿನ ಕತೆ ಹೇಳಿ, ಒಂದು ಲೋಟ ಕಾಫಿ ಕುಡಿದು ಹೊರಡಲು ಎದ್ದರು. ಅಳಿಯ ಶೌಚಕ್ಕೆ ಹೋಗಿ ಚಿಲಕ ಹಾಕಿಕೊಂಡ. ಕೆಂಪು ಬೆಳಿಗ್ಗೆಗಿಂತ ಈಗ ಗಾಢವಾಗಿತ್ತು. ಅಭ್ಯಾಸದಂತೆ ಕೈ ಫ್ಲಶ್ಶಿನ ಗುಂಡಿಯತ್ತ ಹೋಯಿತು.

ಒತ್ತಲಿಲ್ಲ. ಚಿಲಕ ತೆಗೆದ.

“ಏ, ಇಲ್ಲಿ ಬಾ ಸ್ವಲ್ಪ.”

“ಏನ್ರೀ?” ಅತ್ತತ್ತು ಊದಿಕೊಂಡ ಕಣ್ಣುಗಳ ಹೆಂಡತಿ ಬಾಗಿಲಿಗೆ ಬಂದಳು. ಅವನು ಪಕ್ಕಕ್ಕೆ ಸರಿದ. ಅವಳು ನೋಡಿದಳು.

“ಎಷ್ಟು ದಿನದಿಂದ?”

“ತುಂಬಾ ದಿನ ಆಯ್ತು. ಭಯ ಆಗ್ತಿದೆ ಕಣೇ.”

ಬೆಳಗಿನಿಂದ ಅತ್ತವಳು ಈಗ ಅಳಲಿಲ್ಲ. ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಬಿಡದೆ, ನಡುಮನೆಯ ಕಡೆ ತಿರುಗಿ ಮನೆಯೆಲ್ಲ ಕೇಳುವಂತೆ ಕೂಗಿದಳು:

“ಮೇಷ್ಟ್ರೇ! ಹೊರಟುಬಿಟ್ರಾ?”

ಹೊಸ್ತಿಲಾಚೆ ಮೇಷ್ಟ್ರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು. ಗೋಡೆ ಹಿಡಿದುಕೊಂಡು ಅದನ್ನು ಬಿಚ್ಚಿಟ್ಟು, ಒಳಗೆ ಬಂದರು.