ನಲವತ್ತು ಸರಿಗಳು

ಈಚೆಗೆ ಅವಳಿಗೆ ಯಾವ ವಾಕ್ಯವೂ ತಪ್ಪು ಅನ್ನಿಸುತ್ತಿರಲಿಲ್ಲ. ಇದನ್ನು ದಿನಚರಿಯಲ್ಲಿ ಬರೆದು, ಬರೆದ ಆ ವಾಕ್ಯವಾದರೂ ಸರಿಯಾಗಿದೆಯೇ ಎಂದು ಮೂರು ಸಲ ಓದಿ, ಗೊತ್ತಾಗದೆ ಪುಸ್ತಕ ಮುಚ್ಚಿದ್ದಳು.

ಭಾಷಾವಿಜ್ಞಾನದಲ್ಲಿ ಉತ್ಪಾದಕ ವ್ಯಾಕರಣ ಓದುವವಳಿಗೆ ಇದು ಅಡುಗೆಯವನಿಗೆ ನಾಲಿಗೆ ಕೆಟ್ಟ ಹಾಗೆ. ವಾಕ್ಯ ಸರಿಯೋ ತಪ್ಪೋ ಎಂದು ಹೇಳಬೇಕಾದ್ದು ಆ ಭಾಷೆಯಲ್ಲೇ ಬೆಳೆದವರ ಕಿವಿ. ಕಿವಿ ಒಪ್ಪದ ವಾಕ್ಯದ ತಲೆಗೆ ತಪ್ಪಿನ ಗುರುತಾಗಿ ಒಂದು ನಕ್ಷತ್ರ. ಒಪ್ಪಿದ್ದಕ್ಕೆ ಅದರ ರಚನೆ ತೋರಿಸುವ, ಕೊಂಬೆ ರೆಂಬೆಗಳ ಒಂದು ಮರ. ಎರಡು ವರ್ಷ ಮರ ಬರೆದೂ ಬರೆದೂ ಈಗ ಯಾರು ಬಾಯಿ ತೆರೆದರೂ ಅವಳಿಗೆ ಕಾಣುವುದು ಕೊಂಬೆಗಳೇ. ಮಾತು ಕೇಳಿಸುತ್ತಿರಲಿಲ್ಲ.

ಹಾಗಾಗಿ ದೊಡ್ಡಮ್ಮನ ಕಿವಿಯನ್ನು ನೆಚ್ಚಿಕೊಂಡಿದ್ದಳು.

ದೊಡ್ಡಮ್ಮನದು ಹೊಲಿಗೆ ಕೆಲಸ. ಬೀದಿಗೆ ತೆರೆದ ಕೋಣೆ, ಕಿಟಕಿಯ ಕೆಳಗೆ ಕಾಲಿನಲ್ಲಿ ತುಳಿಯುವ ಮಿಷನ್ನು, ಮೂಲೆಯಲ್ಲಿ ತಲೆಯಿಲ್ಲದ ಬೊಂಬೆ. ಮೂರು ವಾರದಿಂದ ಕತ್ತರಿಸಿದ ಬಟ್ಟೆಗಳ ನಡುವೆ ಸ್ಟೂಲು ಹಾಕಿಕೊಂಡು ಅವಳು ವಾಕ್ಯ ಬರೆದ ಚೀಟಿಗಳನ್ನು ದೊಡ್ಡಮ್ಮನಿಗೆ ಓದಿ ಹೇಳುತ್ತಿದ್ದಳು. ನಲವತ್ತೂ ಪುಸ್ತಕಗಳು ನಕ್ಷತ್ರ ಹಚ್ಚಿದ ವಾಕ್ಯಗಳು. ನಲವತ್ತನ್ನೂ ದೊಡ್ಡಮ್ಮ ಒಪ್ಪಿದ್ದಳು. ಪುಸ್ತಕಗಳೇ ತಪ್ಪು ಎಂಬುದು ಇವಳ ಪ್ರಬಂಧದ ವಾದ. "ನಿಮ್ಮ ದೊಡ್ಡಮ್ಮ ನಮ್ಮ ವಿಭಾಗಕ್ಕೇ ದೊಡ್ಡಮ್ಮ" ಎಂದು ಗೈಡ್ ನಕ್ಕಿದ್ದರು. ಇವತ್ತು ನಾಲ್ಕಕ್ಕೆ ಅವರ ಸಹಿ.

"ಇನ್ನೊಂದು ಸಲ ಓದಿಬಿಡ್ತೀನಿ ದೊಡ್ಡಮ್ಮ. ಕೊನೇ ಸಲ."

"ಓದು ಓದು. ಈ ರವಿಕೆಗೆ ತೋಳು ಹಚ್ಚೋ ಹೊತ್ತಿಗೆ ನಿಂದೂ ಮುಗಿಯುತ್ತೆ."

ಮಿಷನ್ನು ಕಟಕಟ ಎಂದಿತು. ಅವಳು ಓದಿದಳು. "ಸರಿ." ಓದಿದಳು. "ಸರಿ ಕಣೆ." ಹನ್ನೊಂದನೆಯದಕ್ಕೆ, "ಎಷ್ಟು ಚೆನ್ನಾಗಿದೆ! ಯಾರ ಮಗಳು ಹೇಳು."

"ಅಕ್ಕ ಕೊಡಿಸಿದ ಕೊಡೆಯನ್ನು ಮಗು ನಿದ್ದೆಹೋಯಿತು."

"ಸರಿ."

ಚೀಟಿ ತಿರುಗಿಸುವಾಗ ಕಂಡಿತು. ಎರಡು ಚೀಟಿಗಳು ಅರ್ಧ ಸರಿದು ಅಂಟಿಕೊಂಡಿದ್ದವು. ಒಂದರ ತಲೆ, ಇನ್ನೊಂದರ ಬಾಲ ಓದಿದ್ದಳು. ಮೂಲೆಯ ಸಂಖ್ಯೆ ನೋಡದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಅವಳ ಕಿವಿಯೂ ತೆಪ್ಪಗಿತ್ತು.

"ದೊಡ್ಡಮ್ಮ, ಇದು ಸರಿಯಾ?"

"ನೀನು ಬರೆದ ಮೇಲೆ..."

"ನನ್ನದು ಬಿಡು. ನಿನಗೆ?"

ದೊಡ್ಡಮ್ಮ ತುಟಿಯಲ್ಲಿದ್ದ ಗುಂಡುಸೂಜಿ ತೆಗೆದಳು. "ಓದೋವಾಗ ನಿನ್ನ ಮುಖ ನೋಡ್ಕೊಂಡಿದ್ದೀಯಾ? ನಾನು ಹೇಳೋವರೆಗೂ ಉಸಿರು ಬಿಡಲ್ಲ. ಸರಿ ಅಂದ್ರೆ ಹೆಗಲು ಇಳಿಯುತ್ತೆ. ಅಳತೆ ತೆಗೆಯೋ ಕಣ್ಣಿಗೆ ಅಷ್ಟೂ ಕಾಣಲ್ವಾ? ಸರಿ ಅಂದ್ರೆ ನನ್ನ ಗಂಟೇನು ಹೋಗುತ್ತೆ?"

"ಎಲ್ಲದಕ್ಕೂ ಹಾಗೇನಾ?"

"ಮೊದಲನೇ ದಿನ ನಾನು ಒಂದನ್ನ ತಪ್ಪು ಅಂದೆ. ಅವತ್ತು ನೀನು ಊಟ ಮಾಡಲಿಲ್ಲ. ಮಾರನೇ ದಿನ ಅದನ್ನೂ ಸರಿ ಅಂದುಬಿಟ್ಟೆ."

ಅವಳಿಗೆ ಕೋಪ ಬರಬೇಕಿತ್ತು. ಬಂದದ್ದು ನಗುವೋ ಅಳುವೋ, ಅದೂ ತಿಳಿಯಲಿಲ್ಲ. ಇಡೀ ಪ್ರಬಂಧದಲ್ಲಿ ಇದ್ದದ್ದು ತನ್ನ ಎರಡು ಹೆಗಲು, ಅವನ್ನು ನೋಡುತ್ತಿದ್ದ ಎರಡು ಕಣ್ಣು. ಇದಕ್ಕೆ ಎಂಥ ಮರ ಬರೆಯುವುದು?

ಫೋನು ಹೊಡೆದುಕೊಂಡಿತು. ಗೈಡ್.

"ಹೊರಟೆಯೇನಮ್ಮಾ? ಒಂದೇ ಮಾತು, ಫಾರಂನಲ್ಲಿ ಕೇಳಿದ್ದಾರೆ. ಈ ವಾಕ್ಯಗಳು ನಿನ್ನ ಕಿವಿಗೂ ಸರಿ ತಾನೆ? ಹೂಂ ಅಂದ್ರೆ ಟಿಕ್ ಹಾಕ್ತೀನಿ."

ಪಕ್ಕದಲ್ಲೇ ಕೇಳಿಸಿಕೊಂಡ ದೊಡ್ಡಮ್ಮ ಮತ್ತೆ ಪೆಡಲು ತುಳಿಯುತ್ತ, ಹೂಂ ಅನ್ನು, ಹೂಂ ಅನ್ನು ಎಂದು ಹುಬ್ಬಿನಲ್ಲೇ ಹೇಳುತ್ತಿದ್ದಳು. ಅವಳ ಕಣ್ಣು ಬಟ್ಟೆಯ ಮೇಲಿರಲಿಲ್ಲ. ಕೆಳಗಿನ ಬಾಬಿನ್ನಿನ ದಾರ ಯಾವಾಗಲೋ ಮುಗಿದಿತ್ತು. ಸೂಜಿ ಏರಿಳಿಯುತ್ತಲೇ ಇತ್ತು. ಮೇಲೆ ಹೊಲಿಗೆಯಂಥದೇ ಒಂದು ಗೆರೆ ನೆಟ್ಟಗೆ ಮೂಡುತ್ತಿತ್ತು. ಮಿಷನ್ನಿನ ಹಿಂದುಗಡೆ ತೋಳು ಮೈಯಿಂದ ಸದ್ದಿಲ್ಲದೆ ಕಳಚಿಕೊಂಡು ನೆಲಕ್ಕೆ ಇಳಿಯುತ್ತಿತ್ತು.

ಅವಳು ಅದನ್ನೇ ನೋಡುತ್ತ, "ಇಲ್ಲ ಸರ್," ಎಂದಳು. "ನನಗೆ ಗೊತ್ತಾಗ್ತಿಲ್ಲ. ತುಂಬಾ ದಿನದಿಂದ ಏನೂ ಗೊತ್ತಾಗ್ತಿಲ್ಲ."