ತಲೆಯಾಡಿಸುವವಳು

ಅರ್ಥವಾಗದಿದ್ದರೂ ನಾನು ತಲೆಯಾಡಿಸುತ್ತೇನೆ. ಇದೇನೂ ಹೊಸದಲ್ಲ. ಬಸ್ಸಿನಲ್ಲಿ ಪಕ್ಕದವರು ತಮಿಳಿನಲ್ಲಿ ಏನೋ ಕೇಳಿದರೆ ತಲೆಯಾಡಿಸಿ, ಅವರು ಇನ್ನೂ ಉತ್ತರಕ್ಕೆ ಕಾಯುತ್ತಿರುವುದನ್ನು ಕಂಡು ಕಿಟಕಿಯತ್ತ ತಿರುಗಿಬಿಡುವವಳು ನಾನು. ಆದರೆ ಈಚೆಗೆ ಈ ಅಭ್ಯಾಸಕ್ಕೆ ನನಗೇ ಹೆದರಿಕೆಯಾಗುತ್ತಿದೆ. ಏಕೆಂದರೆ ಹಲಸೂರಿನ ವಕೀಲರ ಆಫೀಸಿನಲ್ಲಿ ನನ್ನ ಮುಖ್ಯ ಕೆಲಸವೇ ಅರ್ಥವಾಯಿತೋ ಇಲ್ಲವೋ ಹೇಳುವುದು.

ಬೇರೆ ಕೆಲಸಗಳೂ ಇವೆ, ಟೈಪಿಂಗು, ಫೋನು, ಕಡತ ಹೊಲಿಯುವುದು. ಇತಿಹಾಸದಲ್ಲಿ ಬಿ.ಎ. ಮಾಡಿದವಳಿಗೆ ವಿಮಾನಪುರದಿಂದ ಒಂದೇ ಬಸ್ಸಿನ ದೂರದಲ್ಲಿ ಇಷ್ಟಾದರೂ ಸಿಕ್ಕಿತಲ್ಲ ಎಂದು ಅಮ್ಮನಿಗೆ ಸಮಾಧಾನ. ನಮ್ಮ ವಕೀಲರು ವೆಂಕಟಸುಬ್ಬಯ್ಯನವರು, ಆಸ್ಪತ್ರೆಗಳ ವಿರುದ್ಧದ ಕೇಸುಗಳನ್ನೇ ನಡೆಸುವವರು. ಅಂಥ ಕೇಸು ನಿಲ್ಲಬೇಕಾದರೆ ಬೇರೊಬ್ಬ ವೈದ್ಯರು ಬಂದು, ಇಲ್ಲಿ ತಪ್ಪಾಗಿದೆ ಎಂದು ಸಾಕ್ಷಿ ಹೇಳಬೇಕು. ಆ ವೈದ್ಯರನ್ನು ಆರಿಸಲು ಸರ್ ಅವರದೇ ಒಂದು ಪದ್ಧತಿಯಿದೆ. ಡಿಗ್ರಿ, ಅನುಭವ ನೋಡುತ್ತಾರೆ. ಎಲ್ಲ ಕೇಸಿನಲ್ಲೂ ರೋಗಿಗಳ ಪರವೇ ಮಾತಾಡುವವರನ್ನು ಕೈಬಿಡುತ್ತಾರೆ. ಪಾಟಿ ಸವಾಲಿನಲ್ಲಿ ಬೇಗ ಸಿಟ್ಟಿಗೇಳುವವರನ್ನೂ ಬಿಡುತ್ತಾರೆ. ಉಳಿದವರನ್ನು ಆಫೀಸಿಗೆ ಕರೆಸಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಕೇಸನ್ನು ಇವಳಿಗೆ ವಿವರಿಸಿ ಎನ್ನುತ್ತಾರೆ.

“ಈ ಹುಡುಗಿಗೆ ಅರ್ಥ ಆದ್ರೆ ಗ್ರಾಹಕರ ಆಯೋಗದಲ್ಲಿ ಕೂತಿರೋರಿಗೂ ಆಗುತ್ತೆ ಡಾಕ್ಟ್ರೇ. ಇವಳಿಗೆ ಆಗ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ.”

ಡಾಕ್ಟರು ನಗುತ್ತಾರೆ. ನಾನೂ ನಗುತ್ತೇನೆ. ದಡ್ಡತನದ ಅಳತೆಗೋಲಾಗಿ ಕೂತಿದ್ದೇನಲ್ಲ ಎಂದು ಒಳಗೆ ಉರಿಯುತ್ತದೆ. ಉರಿದುಕೊಂಡೇ ತಲೆಯಾಡಿಸುತ್ತೇನೆ. ನನ್ನ ಸ್ಟೂಲಿನ ಮುಂದೆ ಇದುವರೆಗೆ ಯಾರೂ ಫೇಲಾಗಿಲ್ಲ.

“ನಿಂದು ಭಾರಿ ಧಾರಾಳ ಪರೀಕ್ಷೆ ಮಾ,” ಎಂದು ಜೂನಿಯರ್ ವಕೀಲೆ ಸುಮೈರಾ ರೇಗಿಸುತ್ತಾಳೆ. “ನಮ್ಮ ಶಿವಾಜಿನಗರದಲ್ಲಿ ಮೇಕೆ ಮುಂದೆ ನಿಂತ್ಕೊಂಡು ವಿವರಿಸಿದ್ರೂ ಅದು ಒಂದ್ಸಲನಾದ್ರೂ ಮುಖ ತಿರುಗಿಸುತ್ತೆ.”

ಹೀಗಿರುವಾಗ ಗಂಗಾಳ ಕೇಸು ಬಂತು.

ಗಂಗಾ ನನ್ನದೇ ವಯಸ್ಸಿನವಳು. ಯಾದಗಿರಿ ಕಡೆಯಿಂದ ಬಂದು ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆ ಹಿಡಿದು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಿದ್ದಳು. ಮೆಟ್ಟಿಲಲ್ಲಿ ಜಾರಿ ಮೊಣಕೈ ಹತ್ತಿರ ಮೂಳೆ ಮುರಿಯಿತು. ನರ್ಸಿಂಗ್ ಹೋಮೊಂದರಲ್ಲಿ ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಿದರು. ಕೈ ಊದಿತು, ನೋವಿನಿಂದ ಸಿಡಿಯಿತು, ಬೆರಳುಗಳು ಮರಗಟ್ಟಿದವು. ಬೆಳಿಗ್ಗೆ ಬಂದ ಡಾಕ್ಟರು ಅವಳ ಕಾಲ ಬಳಿ ನಿಂತು ಒಂದು ಮಾತು ಕೇಳಿ ಮುಂದಿನ ಮಂಚಕ್ಕೆ ಹೋದರು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಕಾಲ ಮೀರಿತ್ತು. ಈಗ ಅವಳ ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡೇ ಇವೆ. ಸೂಜಿ ಹಿಡಿಯುವುದಿರಲಿ, ಎಡಗೈಯಿಂದ ಎಳೆದರೂ ಬಿಚ್ಚುವುದಿಲ್ಲ.

ನರ್ಸಿಂಗ್ ಹೋಮಿನವರು ಆಯೋಗಕ್ಕೆ ಕೊಟ್ಟ ಉತ್ತರವನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದವಳು ನಾನೇ. ‘ನೋವು ಕಡಿಮೆಯಾಗಿದೆಯೇ ಎಂದು ವೈದ್ಯರು ವಿಚಾರಿಸಿದಾಗ ರೋಗಿಯು ಹೌದೆಂದು ತಲೆಯಾಡಿಸಿದರು.’

“ಆಡಿಸಿದ್ದು ಖರೇ ಐತ್ರಿ,” ಎಂದಳು ಗಂಗಾ. “ಇಂಗ್ಲಿಷಿನ್ಯಾಗ ಕೇಳಿದ್ರಲ್ರಿ ಅಕ್ಕಾರ. ಏನ್ ಕೇಳ್ಯಾರಂತ ತಿಳೀಲಿಲ್ಲ. ದೊಡ್ಡೋರು ಎದುರಿಗಿ ನಿಂತಾರ, ಇಲ್ಲ ಅನ್ನಾಕ ಬಾಯಿ ಬರಲಿಲ್ಲ.”

ಆಮೇಲೆ ಮಡಚಿದ ಕೈಯನ್ನು ಎತ್ತಿ ನನ್ನ ಮೇಜಿನ ಮೇಲಿಟ್ಟಳು.

“ಆದ್ರ ನಾ ತಲಿ ಆಡಿಸಿದ್ದಕ್ಕ ಕೈ ಹೋತು ಅಂತ ಬರದಾರಲ್ಲ, ಅದನ್ನ ನಾ ಒಪ್ಪಾಂಗಿಲ್ರಿ. ಬೆರಳು ಮುಟ್ಟಿ ನೋಡಾಕ ಇಂಗ್ಲಿಷ್ ಯಾಕ ಬೇಕ್ರಿ?”

ಆ ದಿನ ನನ್ನ ಡೈರಿಯಲ್ಲಿ ಅವಳ ಆ ಪ್ರಶ್ನೆಯೊಂದನ್ನು ಬಿಟ್ಟು ಬೇರೇನೂ ಬರೆಯಲಾಗಲಿಲ್ಲ.

ಮೊದಲು ಬಂದವರು ಕಮ್ಮನಹಳ್ಳಿಯ ಡಾಕ್ಟರ್ ಮಾರಿಯಾ. ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ವಿಭಾಗ ನೋಡಿಕೊಳ್ಳುತ್ತಿದ್ದವರು, ಈಗಲೂ ಕ್ಲಿನಿಕ್ ನಡೆಸುತ್ತಾರೆ. ಬಂದವರೇ ಗಂಗಾಳ ಕೈ ಹಿಡಿದು ಒಂದೊಂದೇ ಬೆರಳು ಒತ್ತಿದರು. ಸುಮೈರಾ ತಂದ ಕಾಫಿ ಅಲ್ಲೇ ಆರಿತು. ಆಮೇಲೆ ನನ್ನ ಕಡೆ ತಿರುಗಿದರು.

“ಒಳಗಡೆ ಊತ ಏರ್ತಾ ಇದೆ, ಹೊರಗಡೆ ಪ್ಲಾಸ್ಟರ್ ಜಾಗ ಕೊಡಲ್ಲ. ರಕ್ತ ಎಲ್ಲಿ ಹೋಗ್ಬೇಕಮ್ಮ? ಬೆರಳು ಸ್ವಲ್ಪ ಹಿಂದಕ್ಕೆ ಎಳೆದಿದ್ರೆ ಈ ಹುಡುಗಿ ಕಿರುಚ್ಕೋತಿದ್ಲು. ಕಿರುಚಿದ ತಕ್ಷಣ ಪ್ಲಾಸ್ಟರ್ ಸೀಳ್ಬೇಕಿತ್ತು. ಕೈ ಉಳೀತಿತ್ತು.”

ನನಗೆ ಅರ್ಥವಾಯಿತು. ಆ ಸ್ಟೂಲಿನ ಮೇಲೆ ನಿಜವಾಗಿ ತಲೆಯಾಡಿಸಿದ್ದು ಅದೇ ಮೊದಲು. ಆದರೆ ಅವರು ಸರ್ ಕಡೆಗೂ ತಿರುಗಿದರು.

“ಮೂಳೆ ಕೂಡಿಸಿದ್ದು ಸರಿಯಾಗೇ ಇದೆ. ಅದನ್ನ ತಪ್ಪು ಅಂತ ನಾನು ಹೇಳಲ್ಲ. ಬೆಳಿಗ್ಗೆ ಬಂದು ಕೈ ಮುಟ್ಟದೆ ಹೋಗಿದ್ದು ತಪ್ಪು. ಅಷ್ಟೇ.”

“ಅಷ್ಟೇ ಅಂದ್ಬಿಟ್ರೆ ಹೇಗೆ ಡಾಕ್ಟ್ರೇ? ಎದುರು ವಕೀಲರು ಅದನ್ನೇ ಹಿಡ್ಕೋತಾರೆ.”

“ಹಿಡ್ಕೊಳ್ಲಿ ಬಿಡ್ರಿ. ಸರಿ ಇರೋದನ್ನ ಸರಿ ಅಂದ್ರೆ ತಾನೇ, ತಪ್ಪು ಅಂದಾಗ ನಂಬೋದು?”

ಅವರು ಹೋದ ಮೇಲೆ ಸರ್ ಬಹಳ ಹೊತ್ತು ಕನ್ನಡಕ ಒರೆಸಿದರು. “ಇನ್ನೊಬ್ಬರನ್ನ ನೋಡೋಣ,” ಎಂದರು.

ಆ ಇನ್ನೊಬ್ಬರೇ ಇಂದಿರಾನಗರದ ಡಾಕ್ಟರ್ ಅಭಿನವ್. ದೊಡ್ಡ ಆಸ್ಪತ್ರೆ, ದೊಡ್ಡ ಹೆಸರು. ಶನಿವಾರ ಲ್ಯಾಪ್‌ಟಾಪ್ ಸಮೇತ ಬಂದರು. ಮೂಳೆ ಕೂಡಿಸಿದ್ದು, ಪ್ಲಾಸ್ಟರ್ ಹಾಕಿದ್ದು, ಮಾತ್ರೆ ಕೊಟ್ಟಿದ್ದು, ಎಲ್ಲವೂ ತಪ್ಪೇ ಎಂದರು. ಸರ್ ಮುಖ ಅರಳಿತು. “ಅಫಿಡವಿಟ್ ಶುರು ಮಾಡಮ್ಮ,” ಎಂದು ಸುಮೈರಾಳಿಗೆ ಮೆಲ್ಲಗೆ ಹೇಳಿದರು. ನನಗೆ ವಿವರಿಸುವುದೊಂದು ಶಾಸ್ತ್ರಕ್ಕೆ ಬಾಕಿ ಉಳಿದಿತ್ತು.

ಡಾಕ್ಟರು ನನ್ನತ್ತ ಪರದೆ ತಿರುಗಿಸಿದರು. ಕಂಪಾರ್ಟ್‌ಮೆಂಟ್ ಪ್ರೆಶರ್ ಅಂದರು, ಪರ್ಫ್ಯೂಷನ್ ಅಂದರು, ಇಸ್ಕೀಮಿಯಾ ಅಂದರು. ಬಣ್ಣಬಣ್ಣದ ಗೆರೆಗಳು ಏರಿ ಇಳಿದವು. ಹೊರಗೆ ಮೆಟ್ರೋ ಒಂದು ಹಾದುಹೋಯಿತು. ಗಂಗಾ ನನ್ನ ಪಕ್ಕದ ಬೆಂಚಿನಲ್ಲೇ ಇದ್ದಳು. ಬಂದಾಗಿನಿಂದ ಅವರು ಅವಳ ಕೈಯನ್ನು ನೋಡಿರಲಿಲ್ಲ. ಮುಗಿಸುವಾಗ ಒಂದು ಸಲ ಅವಳತ್ತ ತಿರುಗಿ, “ಓಕೆ?” ಎಂದರು.

ಗಂಗಾ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ತಲೆಯಾಡಿಸಿದಳು.

ಅದನ್ನು ಕಂಡದ್ದೇ ನನ್ನ ಮೈ ಬಿಸಿಯಾಯಿತು. ಇವರು ಆಯೋಗದಲ್ಲೂ ಹೀಗೆಯೇ ಮಾತಾಡುತ್ತಾರೆ. ಅಲ್ಲಿ ಕೂತವರೂ ತಲೆಯಾಡಿಸುತ್ತಾರೆ. ಎದುರು ವಕೀಲರು ಎದ್ದು, ಸರಿಯಾಗಿ ಕೂಡಿಸಿದ ಮೂಳೆಯ ಎಕ್ಸ್‌ರೇ ಒಂದನ್ನು ತೋರಿಸಿದರೆ ಸಾಕು, ‘ಎಲ್ಲವೂ ತಪ್ಪು’ ಎಂದವರ ಮಾತು ಅಲ್ಲೇ ಬಿದ್ದುಹೋಗುತ್ತದೆ. ಗಂಗಾಳ ಕೈಯನ್ನು ಯಾರೂ ಮುಟ್ಟದೆ ಮುಂದೆ ಹೋಗುವುದು ಎರಡನೆಯ ಸಲ ನಡೆಯುತ್ತದೆ. ಅದೂ ನನ್ನ ಸ್ಟೂಲಿನ ಮುಂದಿನಿಂದಲೇ ಪಾಸಾಗಿ.

ಸುಮೈರಾಳ ಬೆರಳುಗಳು ಆಗಲೇ ಕೀಲಿಮಣೆಯ ಮೇಲಿದ್ದವು. ಸರ್ ಪೆನ್ನಿನ ಮುಚ್ಚಳ ಹುಡುಕುತ್ತ, ನನ್ನ ಕಡೆ ನೋಡದೆಯೇ ಕೇಳಿದರು.

“ಏನಮ್ಮ ಮಧುರಾ, ಅರ್ಥ ಆಯ್ತು ತಾನೆ?”

ನನ್ನ ಕತ್ತು ತನ್ನಷ್ಟಕ್ಕೆ ತಾನೇ ಅಲುಗತೊಡಗಿತು. ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನು ನಿಲ್ಲಿಸಿದೆ.

“ಇಲ್ಲ ಸರ್,” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. “ನಂಗೆ ಅರ್ಥ ಆಗ್ಲಿಲ್ಲ. ಗಂಗಾಗೂ ಆಗಿಲ್ಲ, ಹೆದರ್ಕೊಂಡು ತಲೆ ಆಡಿಸ್ತಿದಾಳೆ.”